ನೆಲಕ್ಕೆ ಹಬ್ಬುವ ಗುಲಾಬಿ: ಆರೈಕೆ ನಿಜಕ್ಕೂ ಎಷ್ಟು ಬೇಕು?

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ಮುಂದೆ, ಕಾಂಪೌಂಡ್ ಗೋಡೆಗೂ ಕಾಲುದಾರಿಗೂ ನಡುವೆ 20 ಅಡಿ ಉದ್ದ, 6 ಅಡಿ ಅಗಲದ ಇಳಿಜಾರು ಜಾಗವಿದೆ. ಕೆಂಪು ಮಣ್ಣು, ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು ಬೀಳುತ್ತದೆ. ಅಲ್ಲಿ ಹುಲ್ಲುಹಾಸು ಹಾಕಿಸಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೊನ್ನಾರಿ ಗಡ್ಡೆ ಎಂಬ ಕಳೆ ಅದನ್ನು ನುಂಗಿಹಾಕಿತು. ಆಮೇಲೆ ನೆಟ್ಟ ದೊಡ್ಡ ಹೂವಿನ ಗುಲಾಬಿಗಳು ಎಲೆಯ ಮೇಲೆ ಕಪ್ಪು ಚುಕ್ಕೆ ಬಿದ್ದು ಬೋಳಾದವು. ನೆಲಕ್ಕೆ ಹಬ್ಬಿಕೊಂಡು ವರ್ಷವಿಡೀ ಹೂ ಬಿಡುವ ಗುಲಾಬಿಗಳಿವೆ, ಅವಕ್ಕೆ ಆರೈಕೆಯೇ ಬೇಡ ಎಂದು ಓದಿದೆ. ನಮಗಿಬ್ಬರಿಗೂ ಅರವತ್ತು ದಾಟಿದೆ, ದಿನವೂ ಬಗ್ಗಿ ಕೆಲಸ ಮಾಡಲಾಗದು. ಕೊಳವೆಬಾವಿಯ ನೀರೇ ಗತಿ. ಯಾವ ತಳಿ ತರಬೇಕು, ಹೇಗೆ ನೆಡಬೇಕು, ಆಮೇಲೆ ಎಷ್ಟು ನೋಡಿಕೊಳ್ಳಬೇಕಾಗುತ್ತದೆ?

ಉತ್ತರ: ನೀವು ವಿವರಿಸಿರುವ ಜಾಗ ನೆಲಹಬ್ಬು ಗುಲಾಬಿಗೆ ಚೆನ್ನಾಗಿಯೇ ಒಪ್ಪುತ್ತದೆ. ಐದಾರು ಗಂಟೆಯ ಬಿಸಿಲು ಈ ಗಿಡಗಳಿಗೆ ಸಾಕು. ಅದೂ ಬೆಳಗಿನ ಬಿಸಿಲಾದರೆ ರಾತ್ರಿಯ ಇಬ್ಬನಿ ಎಲೆಯ ಮೇಲಿಂದ ಬೇಗ ಆರುತ್ತದೆ, ಇಳಿಜಾರಿನಲ್ಲಿ ಬುಡಕ್ಕೆ ನೀರು ನಿಲ್ಲುವ ಭಯವೂ ಇರುವುದಿಲ್ಲ. ಆದರೆ ‘ಆರೈಕೆಯೇ ಬೇಡ’ ಎಂಬ ಮಾತನ್ನು ಮಾತ್ರ ಅರ್ಧ ನಂಬಿ. ಈ ಗುಲಾಬಿಗಳು ಕೆಲಸವನ್ನು ಇಲ್ಲವಾಗಿಸುವುದಿಲ್ಲ, ನೆಡುವ ಮುಂಚಿನ ಆರು ತಿಂಗಳಿಗೂ ನೆಟ್ಟ ಮೊದಲ ವರ್ಷಕ್ಕೂ ಅದನ್ನು ಸರಿಸುತ್ತವೆ. ಆ ಅವಧಿಯಲ್ಲಿ ಮಾಡಬೇಕಾದದ್ದನ್ನು ಮಾಡಿದವರಿಗೆ ಮುಂದೆ ವರ್ಷಕ್ಕೊಂದು ದೊಡ್ಡ ಕತ್ತರಿಕೆ, ಎರಡು ಸಲ ಗೊಬ್ಬರ, ಬೇಸಿಗೆಯ ನೀರು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಮಾಡದವರಿಗೆ ಮುಳ್ಳಿನ ನಡುವೆ ಕೈಯಿಟ್ಟು ಕಳೆ ಕೀಳುವ ಶಿಕ್ಷೆ ವರ್ಷಾನುಗಟ್ಟಲೆ ತಪ್ಪುವುದಿಲ್ಲ. ನಿಮ್ಮ ಜಾಗದಲ್ಲಿ ಗುಲಾಬಿಯ ದೊಡ್ಡ ಶತ್ರು ಕಪ್ಪು ಚುಕ್ಕೆ ರೋಗವಲ್ಲ, ಹುಲ್ಲುಹಾಸನ್ನು ನುಂಗಿದ ಆ ಕೊನ್ನಾರಿ ಗಡ್ಡೆಯೇ. ಆದ್ದರಿಂದ ಉತ್ತರದ ಹೆಚ್ಚಿನ ಭಾಗ ಅದರ ಸುತ್ತಲೇ ಇದೆ.

ಮೊದಲು ಗಿಡದ ಸ್ವಭಾವವನ್ನು ತಿಳಿದುಕೊಳ್ಳೋಣ. ನೆಲಹಬ್ಬು ಗುಲಾಬಿಗಳಲ್ಲಿ ಹೆಚ್ಚಿನವುಗಳ ಮೂಲದಲ್ಲಿ ಜಪಾನ್ ಮತ್ತು ಪೂರ್ವ ಏಷ್ಯಾದ ಕಾಡುಗುಲಾಬಿ ರೋಸಾ ವಿಚುರಾನಾ ಇದೆ. ಜರ್ಮನಿಯ ಸಸ್ಯಶಾಸ್ತ್ರಜ್ಞ ಮ್ಯಾಕ್ಸ್ ವಿಚುರಾ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಅದರ ಕಾಂಡಗಳು ಎದ್ದು ನಿಲ್ಲದೆ ನೆಲದ ಮೇಲೆ ಹರಿದುಕೊಂಡು ಹೋಗುತ್ತವೆ, ಮಣ್ಣಿಗೆ ತಾಗಿದ ಗಿಣ್ಣುಗಳಲ್ಲಿ ಬೇರು ಬಿಡುತ್ತವೆ, ಎಲೆಗಳು ಸಣ್ಣವಾಗಿ, ಮೇಣ ಸವರಿದಂತೆ ಹೊಳೆಯುತ್ತವೆ. ಆ ಹೊಳಪಿನ ಗಟ್ಟಿ ಎಲೆಯೂ ರೋಗ ತಡೆಯಲು ನೆರವಾಗುತ್ತದೆ. ಅಮೆರಿಕದಲ್ಲಿ 1919ರಲ್ಲಿ ಹೊರಬಂದ ‘ಮ್ಯಾಕ್ಸ್ ಗ್ರಾಫ್’ ಈ ಗುಂಪಿನ ಹಿರಿಯ ತಳಿಗಳಲ್ಲೊಂದು. ಜರ್ಮನಿಯ ಗುಲಾಬಿ ತಳಿಗಾರ ನೋವಾಕ್ ಅವರ ‘ಫ್ಲವರ್ ಕಾರ್ಪೆಟ್’ 1980ರ ದಶಕದ ಕೊನೆಗೆ ಬಂದ ಮೇಲೆ ಇಂಥ ಗುಲಾಬಿಗಳು ರಸ್ತೆಬದಿ, ಉದ್ಯಾನ, ಮನೆಯಂಗಳಗಳಿಗೆಲ್ಲ ಹರಡಿದವು. ಆರೈಕೆ ಬೇಡವೆಂಬ ಖ್ಯಾತಿ ಹುಟ್ಟಿದ್ದೂ ಆ ದೇಶಗಳಲ್ಲಿಯೇ. ಅಲ್ಲಿ ವರ್ಷದಲ್ಲಿ ನಾಲ್ಕೈದು ತಿಂಗಳು ಚಳಿಗೆ ಗಿಡವೂ ಕಳೆಯೂ ಹುಳವೂ ಒಟ್ಟಿಗೆ ತೆಪ್ಪಗಾಗುತ್ತವೆ. ಮೈಸೂರಿನಲ್ಲಿ ಹನ್ನೆರಡು ತಿಂಗಳೂ ಎಲ್ಲವೂ ಬೆಳೆಯುತ್ತವೆ. ಹೂವು ಹೆಚ್ಚು ಸಿಗುವುದು ನಮಗೆ ಲಾಭ, ಕಳೆಗೆ ರಜೆಯಿಲ್ಲದಿರುವುದು ನಷ್ಟ.

ತಳಿಯ ವಿಷಯಕ್ಕೆ ಬಂದರೆ, ನಾನು ಮೊದಲು ಹೇಳುವ ಹೆಸರು ‘ದ ಫೇರಿ’. ಇಂಗ್ಲೆಂಡಿನಲ್ಲಿ ಆ್ಯನ್ ಬೆಂಟಾಲ್ ಎಂಬ ಮಹಿಳೆ ಬೆಳೆಸಿ 1932ರಲ್ಲಿ ಹೊರತಂದ ಈ ಪಾಲಿಯಾಂಥಾ (ಗೊಂಚಲು ಹೂವಿನ ಗಿಡ್ಡ ಗುಂಪಿನ) ಗುಲಾಬಿ ಸುಮಾರು ಎರಡು ಅಡಿ ಎತ್ತರಕ್ಕೆ, ಮೂರು ನಾಲ್ಕು ಅಡಿ ಅಗಲಕ್ಕೆ ಬಾಗಿ ಬೆಳೆಯುತ್ತದೆ. ತಿಳಿ ಗುಲಾಬಿ ಬಣ್ಣದ, ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಹೂವುಗಳು ಗೊಂಚಲು ಗೊಂಚಲಾಗಿ ಬರುತ್ತವೆ. ಅದರ ದೋಷಗಳನ್ನೂ ಹೇಳಿಬಿಡುತ್ತೇನೆ: ಪರಿಮಳ ಇಲ್ಲವೆನ್ನುವಷ್ಟು ಕಡಿಮೆ, ಏಪ್ರಿಲ್ ಬಿಸಿಲಿಗೆ ಬಣ್ಣ ಬಿಳಚಿಕೊಳ್ಳುತ್ತದೆ, ಬಾಡಿದ ಹೂವು ತಾನಾಗಿ ಉದುರದೆ ಕಂದು ಬಣ್ಣಕ್ಕೆ ತಿರುಗಿ ಗೊಂಚಲಿನಲ್ಲೇ ಉಳಿಯುತ್ತದೆ. ದೇವರ ಪೂಜೆಗೆ ಉದ್ದ ತೊಟ್ಟಿನ ಹೂವು ಬೇಕೆನ್ನುವವರಿಗೆ ಇದು ಸಲ್ಲದು. ಗಾಢ ಕೆಂಪು ಬೇಕಾದರೆ ಅಮೆರಿಕದ ರಾಲ್ಫ್ ಮೂರ್ ಅವರ 1976ರ ‘ರೆಡ್ ಕ್ಯಾಸ್ಕೇಡ್’ ಇದೆ; ಬಳ್ಳಿಯಂತೆ ಇಳಿಜಾರಿನಲ್ಲಿ ಇಳಿಬೀಳುವ ಈ ಕಿರುಹೂವಿನ ಗುಲಾಬಿ ಸೆಕೆಯನ್ನು ಚೆನ್ನಾಗಿ ತಾಳುತ್ತದೆ. ಮೇಯ್ಲಾಂಡ್ ಸಂಸ್ಥೆಯ ‘ಡ್ರಿಫ್ಟ್’ ಸಾಲಿನ ಗಿಡಗಳು ಇವೆರಡಕ್ಕಿಂತ ಗಿಡ್ಡ, ಒಂದೂವರೆ ಅಡಿಯೊಳಗೇ ನಿಲ್ಲುತ್ತವೆ, ಸಿಕ್ಕರೆ ಬಿಡಬೇಡಿ. ‘ಮ್ಯಾಕ್ಸ್ ಗ್ರಾಫ್’, ಜಪಾನಿನ ‘ನೊಜೋಮಿ’ ಮೊದಲಾದ ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುವ ತಳಿಗಳು ನಮ್ಮ ಹಗುರ ಚಳಿಯ ಊರುಗಳಿಗೆ ಬೇಡ. ‘ನಾಕ್ ಔಟ್’ ಹೆಸರನ್ನೂ ನೀವು ಓದಿರಬಹುದು. ಅದು ರೋಗಕ್ಕೆ ಜಗ್ಗದ ಒಳ್ಳೆಯ ಗಿಡವೇ, ಆದರೆ ನೆಲಕ್ಕೆ ಹಬ್ಬುವುದಲ್ಲ, ಎದೆಮಟ್ಟ ಬೆಳೆಯುವ ಪೊದೆ.

ಕೊಳ್ಳುವಾಗ ಎಚ್ಚರಿಕೆ ಬೇಕು. ನರ್ಸರಿಯಲ್ಲಿ ‘ನೆಲಕ್ಕೆ ಹಬ್ಬುವ ರೋಸ್ ಕೊಡಿ’ ಎಂದರೆ ಅನೇಕರು ಟೇಬಲ್ ರೋಸ್ ಕೊಟ್ಟು ಕಳಿಸುತ್ತಾರೆ. ಅದು ಗುಲಾಬಿಯ ಜಾತಿಗೆ ಸೇರಿದ್ದೇ ಅಲ್ಲ, ಗೋಣಿಸೊಪ್ಪಿನ ನಂಟಿನ, ಎಲೆಯಲ್ಲಿ ನೀರು ತುಂಬಿಕೊಂಡ ಗಿಡ. ತಳಿಯ ಹೆಸರು ಬರೆದ ಚೀಟಿಯೂ ಹೆಚ್ಚಿನ ಕಡೆ ಇರುವುದಿಲ್ಲ. ಸಣ್ಣ ಹೂವಿನ ಎಲ್ಲ ಗುಲಾಬಿಯೂ ಅಲ್ಲಿ ‘ಬಟನ್ ರೋಸ್’. ಆದ್ದರಿಂದ ಹೆಸರಿಗಿಂತ ಗಿಡವನ್ನೇ ನೋಡಿ. ಕಾಂಡಗಳು ಕುಂಡದ ಅಂಚು ದಾಟಿ ಕೆಳಕ್ಕೆ ಬಾಗಿರಬೇಕು, ಎಲೆ ಸಣ್ಣದಾಗಿ ಹೊಳೆಯುತ್ತಿರಬೇಕು, ಒಂದು ತೊಟ್ಟಿಗೆ ಒಂದೇ ಹೂವಲ್ಲದೆ ಗೊಂಚಲಿರಬೇಕು, ಬುಡದ ಎಲೆಗಳು ಉದುರಿರಬಾರದು. ಹೂವು ತುಂಬಿದ ಗಿಡಕ್ಕಿಂತ ಬುಡದಿಂದ ನಾಲ್ಕೈದು ಕಾಂಡ ಒಡೆದ ಗಿಡವೇ ಮೇಲು. ಆಂಧ್ರದ ಕಡಿಯಂ ಮೊದಲಾದ ದೂರದ ಊರುಗಳಿಂದ ಲಾರಿಯಲ್ಲಿ ಬರುವ ಗಿಡಗಳ ಬೇರಿನ ಸುತ್ತ ಅಂಟು ಜೇಡಿಮಣ್ಣಿನ ಮುದ್ದೆ ಇರುತ್ತದೆ. ಅದನ್ನು ಹಾಗೆಯೇ ನೆಟ್ಟರೆ ಒಣಗಿ ಇಟ್ಟಿಗೆಯಾಗುತ್ತದೆ, ಬೇರು ಆಚೆಗೆ ಬರುವುದೇ ಇಲ್ಲ. ಎಷ್ಟು ನೀರು ಹಾಕಿದರೂ ಗಿಡ ಬಾಡುತ್ತಿದೆ ಎಂಬ ದೂರಿಗೆ ಬಹುಪಾಲು ಇದೇ ಕಾರಣ. ಬಕೆಟ್ ನೀರಿನಲ್ಲಿ ಮುದ್ದೆಯನ್ನು ಅರ್ಧ ಗಂಟೆ ಮುಳುಗಿಸಿ, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಬಿಳಿ ಬೇರು ಕಾಣಿಸುವಷ್ಟಾದ ಮೇಲೆ ನೆಡಬೇಕು.

ಈಗ ಕೊನ್ನಾರಿಯ ವಿಷಯ. ಜೇಕು ಎಂದೂ ಕರೆಯುವ ಈ ಕಳೆಯನ್ನು ಮೇಲಿನಿಂದ ಕಿತ್ತರೆ ಎಲೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಒಂದು ಗಡ್ಡೆಯಿಂದ ಸರಪಳಿಯಂತೆ ಇನ್ನೊಂದು, ಮತ್ತೊಂದು ಗಡ್ಡೆ ಅಡಿ ಆಳದವರೆಗೂ ಹಬ್ಬಿರುತ್ತವೆ. ನೆಲಹಬ್ಬು ಗುಲಾಬಿಯ ನೆರಳು ಸಣ್ಣ ಬೀಜದ ಕಳೆಗಳನ್ನು ತಡೆಯಬಲ್ಲುದೇ ಹೊರತು ಕೊನ್ನಾರಿ, ಗರಿಕೆಗಳನ್ನು ತಡೆಯಲಾರದು. ಅವು ಕಾಂಡಗಳ ನಡುವೆ ನುಗ್ಗಿ ತಲೆಯೆತ್ತುತ್ತವೆ, ಆಗ ಕೈಹಾಕಲು ಮುಳ್ಳು ಬಿಡುವುದಿಲ್ಲ. ಕಳೆ ತಡೆಯುವ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ಅದರ ತೂತಿನಲ್ಲಿ ಗಿಡ ನೆಡುವ ಸಲಹೆಯನ್ನು ಯಾರಾದರೂ ಕೊಟ್ಟರೆ ಒಪ್ಪಬೇಡಿ. ಕೊನ್ನಾರಿಯ ಮೊಳಕೆ ಸೂಜಿಯಂತೆ ಹಾಳೆಯನ್ನೇ ತೂರಿಕೊಂಡು ಬರುತ್ತದೆ, ಗುಲಾಬಿಯ ಕಾಂಡಗಳಿಗೆ ಮಾತ್ರ ಮಣ್ಣು ತಾಗಿ ಬೇರು ಬಿಡುವ ಅವಕಾಶ ತಪ್ಪಿಹೋಗುತ್ತದೆ. ಗಿಡದ ಇಡೀ ಉಪಯೋಗವೇ ಆ ಬೇರಿನಲ್ಲಿದೆ.

ಈಗ ಜನವರಿ, ಆತುರ ಬೇಡ. ಫೆಬ್ರವರಿಯಲ್ಲಿ ಒಮ್ಮೆ ಜಾಗಕ್ಕೆಲ್ಲ ನೀರು ಕಟ್ಟಿ ಕೊನ್ನಾರಿ ಚಿಗುರಲು ಬಿಟ್ಟು, ಆಳಿನಿಂದ ಮುಳ್ಳುಗುದ್ದಲಿಯಲ್ಲಿ ಒಂದಡಿ ಆಳಕ್ಕೆ ಅಗೆಸಿ ಗಡ್ಡೆಗಳನ್ನು ಆರಿಸಿ ತೆಗೆಸಿ. ಸಲಿಕೆ ಬೇಡ, ಅದು ಗಡ್ಡೆಯ ಸರಪಳಿಯನ್ನು ತುಂಡು ಮಾಡಿ ಒಂದಿದ್ದದ್ದನ್ನು ಹತ್ತಾಗಿಸುತ್ತದೆ. ಅಗೆದ ಮಣ್ಣು ಮಾರ್ಚ್, ಏಪ್ರಿಲ್ ಬಿಸಿಲಿಗೆ ಹೆಂಟೆಯಾಗಿಯೇ ಒಣಗಲಿ. ಗಡ್ಡೆ ನೀರಾರಿದರೆ ಸಾಯುತ್ತದೆ. ಮೇ ತಿಂಗಳ ಮುಂಗಾರುಪೂರ್ವ ಮಳೆಗೆ ಉಳಿದವು ಮತ್ತೆ ಮೊಳೆಯುತ್ತವೆ. ಎರಡು ಮೂರು ವಾರಕ್ಕೊಮ್ಮೆ, ಮೊಳಕೆಯಲ್ಲಿ ಐದಾರು ಎಲೆ ಮೂಡುವ ಮೊದಲೇ, ಗಡ್ಡೆ ಸಹಿತ ಎಬ್ಬಿಸಬೇಕು. ಅಷ್ಟು ಎಲೆ ಬಂದ ಮೇಲೆ ಅದು ಹೊಸ ಗಡ್ಡೆ ಕಟ್ಟಲು ತೊಡಗುತ್ತದೆ. ಜುಲೈ ಕೊನೆಯ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಮಾತ್ರ ಕಂಡರೆ ಆಗಸ್ಟಿನಲ್ಲಿ ನೆಡಬಹುದು. ಇನ್ನೂ ಹಸಿರು ಹಾಸಿನಂತೆಯೇ ಇದ್ದರೆ ನಾಟಿಯನ್ನು ಮುಂದಿನ ವರ್ಷಕ್ಕೆ ತಳ್ಳುವುದೇ ಲೇಸು. ಕಾಯುವುದು ಬೇಸರದ ಕೆಲಸ ನಿಜ, ಆದರೆ ಇಡೀ ಯೋಜನೆಯಲ್ಲಿ ರಾಜಿ ಮಾಡಿಕೊಳ್ಳಬಾರದ ಅಂಶ ಇದೊಂದೇ.

ನಾಟಿಯ ಲೆಕ್ಕ ಹೀಗೆ. ಗೋಡೆಗೆ ಸಮಾನಾಂತರವಾಗಿ ಎರಡೆರಡು ಅಡಿ ಅಂತರದಲ್ಲಿ ಮೂರು ಸಾಲು ಗುರುತು ಮಾಡಿ. ಗೋಡೆಯ ಕಡೆ ಮುಕ್ಕಾಲು ಅಡಿ, ಕಾಲುದಾರಿಯ ಕಡೆ ಒಂದೂಕಾಲು ಅಡಿ ಬಿಡಿ. ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ. ನಡುವಿನ ಸಾಲಿನ ಗಿಡಗಳು ಆಚೀಚಿನ ಸಾಲುಗಳ ಸಂದಿಗೆ ಎದುರಾಗಿ ಬರಲಿ. ಆಗ ಎಂಟು, ಏಳು, ಎಂಟರಂತೆ 23 ಗಿಡಗಳು ಬೇಕಾಗುತ್ತವೆ. ಮೂರಡಿ ಅಂತರದಲ್ಲಿ ನೆಟ್ಟು ಗಿಡ ಉಳಿಸಬಹುದು, ಆದರೆ ಅವು ಒಂದಕ್ಕೊಂದು ಕೂಡಿಕೊಳ್ಳಲು ಇನ್ನೊಂದು ವರ್ಷ ಹಿಡಿಯುತ್ತದೆ, ಆ ವರ್ಷವೆಲ್ಲ ಖಾಲಿ ಮಣ್ಣು ಕಳೆಯ ಪಾಲು. ಗುಂಡಿ ಒಂದೂವರೆ ಅಡಿ ಅಗಲ, ಅಷ್ಟೇ ಆಳ. ತೆಗೆದ ಮಣ್ಣಿಗೆ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಐದು ಕಿಲೋ, ಬೇವಿನ ಹಿಂಡಿ 100 ಗ್ರಾಂ, ಮೂಳೆ ಗೊಬ್ಬರ 100 ಗ್ರಾಂ ಬೆರೆಸಿ ತುಂಬಿ, ಎರಡು ವಾರ ಕೂರಲು ಬಿಡಿ. ಗೊಬ್ಬರ ಅರೆಬರೆ ಕಳಿತಿದ್ದರೆ ಅದರ ಜೊತೆಯಲ್ಲಿ ಗೊಣ್ಣೆಹುಳು ಬರುತ್ತದೆ, ಗೆದ್ದಲೂ ಹುಡುಕಿಕೊಂಡು ಬರುತ್ತದೆ. ಹಿಡಿಯಲ್ಲಿ ಹಿಂಡಿದಾಗ ಸಗಣಿಯ ವಾಸನೆ ಇರದೆ ಮಣ್ಣಿನ ವಾಸನೆ ಬಂದರೆ ಮಾತ್ರ ಬಳಸಿ. ಇಳಿಜಾರಿನ ಕೆಳಮಗ್ಗುಲಿಗೆ ಪ್ರತಿ ಗುಂಡಿಗೂ ಅರ್ಧಚಂದ್ರಾಕಾರದ ಸಣ್ಣ ಬದು ಕಟ್ಟಿದರೆ ಹಾಕಿದ ನೀರು ಕಾಲುದಾರಿಗೆ ಹರಿಯದೆ ಬುಡದಲ್ಲೇ ಇಂಗುತ್ತದೆ.

ಗಿಡ ಕಣ್ಣುಕಸಿಯದ್ದೋ (ಬೇರೆ ಗುಲಾಬಿಯ ಬೇರುಗಿಡದ ಮೇಲೆ ಕಣ್ಣು ಕೂರಿಸಿ ಬೆಳೆಸಿದ್ದೋ) ಸ್ವಂತ ಬೇರಿನದ್ದೋ ಎಂಬುದು ನೆಲಹಬ್ಬು ಗುಲಾಬಿಯಲ್ಲಿ ಬೇರೆಲ್ಲ ಗುಲಾಬಿಗಿಂತ ಹೆಚ್ಚು ಮುಖ್ಯ. ಕಸಿಗಿಡದ ಬುಡದಿಂದ ಆಗಾಗ ಬೇರುಗಿಡದ ಕಾಡುಚಿಗುರು ಏಳುತ್ತದೆ. ಎತ್ತರದ ಗಿಡದಲ್ಲಿ ಅದು ಕಣ್ಣಿಗೆ ಬೀಳುತ್ತದೆ, ನೆಲಹಬ್ಬಿನ ಗೊಂದಲದೊಳಗೆ ಬೀಳುವುದಿಲ್ಲ. ಗೊತ್ತಾಗುವಷ್ಟರಲ್ಲಿ ಅದು ಅಸಲು ಗಿಡವನ್ನೇ ಹೊಸಕಿಹಾಕಿರುತ್ತದೆ. ನಮ್ಮಲ್ಲಿ ಅನೇಕ ಮಾಲಿಗಳು ಪಾಲಿಸುವ ಸೂತ್ರವೊಂದಿದೆ: ಒಂದು ತೊಟ್ಟಿನಲ್ಲಿ ಐದೆಲೆ ಇದ್ದರೆ ಅಸಲು, ಏಳೆಲೆ ಇದ್ದರೆ ಕಾಡು, ಕಿತ್ತುಹಾಕು. ದೊಡ್ಡ ಹೂವಿನ ಗುಲಾಬಿಗಳಲ್ಲಿ ಈ ಸೂತ್ರ ಬಹುಮಟ್ಟಿಗೆ ನಡೆಯುತ್ತದೆ. ವಿಚುರಾನಾ ರಕ್ತದ ಗಿಡಗಳಲ್ಲಿ ಏಳು, ಒಂಬತ್ತು ಕಿರುಎಲೆಗಳಿರುವುದು ಸಹಜ ಗುಣ. ಸೂತ್ರ ನಂಬಿದ ಮಾಲಿ ಇಡೀ ಪಾತಿಯ ಒಳ್ಳೆಯ ಚಿಗುರುಗಳನ್ನೇ ಸವರಿಹಾಕಿ ‘ಕಾಡು ತೆಗೆದೆ ಸ್ವಾಮಿ’ ಎಂದು ಹೇಳಿ ಹೋಗುತ್ತಾನೆ. ಎಲೆ ಎಣಿಸುವ ಬದಲು ಚಿಗುರನ್ನು ಬೆರಳಿನಲ್ಲಿ ಹಿಡಿದು ಅದು ಹೊರಟ ಜಾಗದವರೆಗೆ ಹೋಗಿ ನೋಡಿ. ಕಸಿಯ ಗಂಟಿನ ಮೇಲಿಂದ ಬಂದಿದ್ದರೆ ಅಸಲು. ಗಂಟಿನ ಕೆಳಗಿಂದ ಅಥವಾ ಬೇರಿನಿಂದ ಬಂದಿದ್ದು, ಎಲೆಯ ಬಣ್ಣವೂ ಮುಳ್ಳಿನ ಆಕಾರವೂ ಬೇರೆಯಾಗಿದ್ದರೆ ಕಾಡು. ಅದನ್ನು ಕತ್ತರಿಸದೆ ಬುಡಸಹಿತ ಎಳೆದು ಕೀಳಬೇಕು. ಕತ್ತರಿಸಿದರೆ ಉಳಿದ ಮೋಟಿನಿಂದ ನಾಲ್ಕು ಏಳುತ್ತವೆ.

ಈ ರಗಳೆಯೇ ಬೇಡವೆಂದರೆ ಸ್ವಂತ ಬೇರಿನ ಗಿಡ ಮಾಡಿಕೊಳ್ಳುವುದೇ ದಾರಿ, ಅದು ಮನೆಯಲ್ಲೇ ಸಾಧ್ಯ. ನೆಲಹಬ್ಬು ಗುಲಾಬಿಗಳು ಕಡ್ಡಿಯಿಂದ ಸುಲಭವಾಗಿ ಬೇರು ಬಿಡುತ್ತವೆ. ಹೂವು ಬಾಡಿದ, ಹಸಿರು ಬಲಿತ, ಆದರೆ ಇನ್ನೂ ಕಂದಾಗದ ಕಾಂಡದಿಂದ ಆರು ಅಂಗುಲದ, ನಾಲ್ಕೈದು ಗಿಣ್ಣಿನ ತುಂಡನ್ನು ತೆಗೆಯಿರಿ. ಕೆಳಗಿನ ಕತ್ತರಿಕೆ ಗಿಣ್ಣಿನ ಸರಿ ಕೆಳಗಿರಲಿ. ಮೇಲಿನ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆದು, ಅರ್ಧ ದಪ್ಪ ಮರಳು, ಅರ್ಧ ತೊಳೆದ ತೆಂಗಿನ ನಾರಿನ ಪುಡಿ ಬೆರೆಸಿದ ಕುಂಡದಲ್ಲಿ ಎರಡು ಗಿಣ್ಣು ಮುಳುಗುವಂತೆ ಚುಚ್ಚಿ, ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ನಾಲ್ಕರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಮೊದಲು ಚಿಗುರು ಕಂಡಿತೆಂದು ಕಿತ್ತು ನೋಡಬೇಡಿ, ಕಡ್ಡಿಯೊಳಗಿನ ಸಾರದಿಂದಲೇ ಆ ಚಿಗುರು ಬಂದಿರಬಹುದು. ಮೆಲ್ಲಗೆ ಎಳೆದಾಗ ಕಡ್ಡಿ ತಡೆದರೆ ಬೇರು ಬಂದಿದೆ ಎಂದರ್ಥ. ಪಾತಿಯಲ್ಲಿ ಗಿಡ ಕೂತ ಮೇಲೆ ಕಡ್ಡಿಯ ಗೊಡವೆಯೂ ಬೇಕಿಲ್ಲ. ಉದ್ದದ ಕಾಂಡವೊಂದನ್ನು ಖಾಲಿ ಜಾಗದತ್ತ ಎಳೆದು, ನೆಲಕ್ಕೆ ತಾಗುವ ಗಿಣ್ಣಿನ ಕೆಳಸಿಪ್ಪೆಯನ್ನು ಉಗುರಿನಷ್ಟು ಹೆರೆದು, ಬಗ್ಗಿಸಿದ ತಂತಿಯಿಂದ ಮಣ್ಣಿಗೆ ಒತ್ತಿ, ಮೇಲೆ ಎರಡು ಹಿಡಿ ಗೊಬ್ಬರ ಮಣ್ಣು ಹಾಕಿ. ಮಳೆಗಾಲದಲ್ಲಿ ಎರಡು ತಿಂಗಳಾಗುವಷ್ಟರಲ್ಲಿ ಅಲ್ಲೊಂದು ಹೊಸ ಗಿಡವಿರುತ್ತದೆ. ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸುವುದೂ ಹೀಗೆ ಜಾಗಜಾಗದಲ್ಲಿ ಇಳಿದ ಬೇರುಗಳೇ.

ನೆಟ್ಟ ದಿನವೇ ಮುಚ್ಚಿಗೆಯನ್ನೂ ಹಾಸಬೇಕು. ನಿಮಗೆ ಮಂಡ್ಯದ ಕಡೆಯ ಕಬ್ಬಿನ ರವದಿ ಸುಲಭವಾಗಿ ಸಿಗುತ್ತದೆ. ಒಣಗಿದ ಎಲೆ, ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ ಯಾವುದಾದರೂ ನಡೆಯುತ್ತದೆ. ಮೂರು ಅಂಗುಲ ದಪ್ಪಕ್ಕೆ ಹಾಸಿ, ಬುಡದಿಂದ ನಾಲ್ಕು ಬೆರಳಿನಷ್ಟು ದೂರವಿರಲಿ. ಇಳಿಜಾರಿನಲ್ಲಿ ರವದಿ ಮೊದಲ ಜೋರುಮಳೆಗೇ ಜಾರುವುದರಿಂದ ಮೇಲೆ ತೆಂಗಿನ ನಾರಿನ ಜಾಲರಿ ಹೊದಿಸಿ ಮೊಳೆ ಹೊಡೆಸಿದರೆ ಕೂತುಕೊಳ್ಳುತ್ತದೆ. ಅದು ಕೆಲವು ವರ್ಷಗಳಲ್ಲಿ ತಾನೇ ಮಣ್ಣಾಗುತ್ತದೆ, ಅಷ್ಟರಲ್ಲಿ ಗಿಡಗಳು ಹಬ್ಬಿರುತ್ತವೆ. ಮೊದಲ ವರ್ಷದ ಸಂದಿಗಳಲ್ಲಿ, ನರ್ಸರಿಯವರು ತಪ್ಪಾಗಿ ಕೊಟ್ಟರೆ ಕೋಪಿಸಿಕೊಳ್ಳದೆ, ಆ ಟೇಬಲ್ ರೋಸನ್ನೇ ನೆಡಬಹುದು. ಬೇರು ಆಳಕ್ಕಿಳಿಯದ ಅದು ಗುಲಾಬಿಗೆ ಪೈಪೋಟಿ ಕೊಡುವುದಿಲ್ಲ, ನೆರಳು ಬಿದ್ದಂತೆ ತಾನಾಗಿ ಹಿಂದೆ ಸರಿಯುತ್ತದೆ.

ನೀರಿಗೆ ಹನಿ ನೀರಾವರಿಯ ಪೈಪನ್ನು ಮುಚ್ಚಿಗೆಯ ಕೆಳಗೆ ನೆಡುವಾಗಲೇ ಎಳೆಸಿಬಿಡಿ, ಗಿಡ ಹಬ್ಬಿದ ಮೇಲೆ ಅದು ಆಗದ ಕೆಲಸ. ಪೈಪು ಹಿಡಿದು ನಿಲ್ಲುವ ಕೆಲಸ ತಪ್ಪುವುದಕ್ಕಿಂತ ಎಲೆ ನೆನೆಯದಿರುವುದೇ ಇದರ ದೊಡ್ಡ ಲಾಭ. ಕಪ್ಪು ಚುಕ್ಕೆಯ ಶಿಲೀಂಧ್ರ ಎಲೆಯೊಳಗೆ ಇಳಿಯಲು ಎಲೆಯ ಮೇಲೆ ಸುಮಾರು ಏಳು ಗಂಟೆ ಪಸೆ ಇರಬೇಕು. ಸಂಜೆ ಪೈಪು ಹಿಡಿದು ಗಿಡದ ತಲೆಯ ಮೇಲೆ ನೀರು ಹೊಡೆಯುವವರು ರಾತ್ರಿಯಿಡೀ ಅದಕ್ಕೆ ಆತಿಥ್ಯ ಮಾಡಿದಂತೆ. ಬೇರು ಕೂತ ಗಿಡಕ್ಕೆ ಬೇಸಿಗೆಯಲ್ಲಿ ವಾರಕ್ಕೆರಡು ಸಲ ನಾಲ್ಕೈದು ಲೀಟರ್ ಸಾಕು. ಕೊಳವೆಬಾವಿಯ ಗಡಸು ನೀರಿನಿಂದ ಬರುವ ತೊಂದರೆ ಬೇರೆಯದು: ಮಣ್ಣು ಕ್ಷಾರದ ಕಡೆ ತಿರುಗಿ ಕಬ್ಬಿಣಾಂಶ ಬೇರಿಗೆ ಸಿಗದಂತಾಗುತ್ತದೆ, ಆಗ ಹೊಸ ಎಲೆ ಹಳದಿಯಾಗಿ ಅದರ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಹಳೆಯ ಎಲೆ ಹಳದಿಯಾದರೆ ಅದು ಸಾರಜನಕದ ಕೊರತೆಯೋ ಎಲೆಯ ವಯಸ್ಸೋ ಆಗಿರಬಹುದು, ಈ ತೊಂದರೆಯಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಅನ್ನಭೇದಿ ಎಂದು ಸಿಗುವ ಫೆರಸ್ ಸಲ್ಫೇಟ್ ಐದು ಗ್ರಾಂ, ನಿಂಬೆ ಉಪ್ಪು ಒಂದು ಗ್ರಾಂ, ಒಂದು ಲೀಟರ್ ನೀರಿಗೆ ಬೆರೆಸಿ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿ, ಹದಿನೈದು ದಿನಕ್ಕೆ ಇನ್ನೊಮ್ಮೆ ಮಾಡಿದರೆ ಹೊಸ ಚಿಗುರು ಹಸಿರಾಗುತ್ತದೆ. ಚಾವಣಿಯ ಮಳೆನೀರನ್ನು ಹಿಡಿಯುವ ವ್ಯವಸ್ಥೆ ಇದ್ದರೆ ಅದರ ಪಾಲು ಈ ಪಾತಿಗೆ ಮೊದಲು ಸಲ್ಲಲಿ.

ಕತ್ತರಿಕೆಯ ಬಗ್ಗೆ ಹೆದರಿಕೆ ಬೇಡ. ಹೊರಮುಖದ ಕಣ್ಣಿನ ಕಾಲು ಅಂಗುಲ ಮೇಲೆ ಓರೆಯಾಗಿ ಕತ್ತರಿಸಬೇಕೆಂಬ ಶಾಸ್ತ್ರ ದೊಡ್ಡ ಹೂವಿನ ಗುಲಾಬಿಗೆ ಇರಲಿ. ಇಂಗ್ಲೆಂಡಿನ ರಾಯಲ್ ನ್ಯಾಷನಲ್ ರೋಸ್ ಸೊಸೈಟಿ ತನ್ನ ತೋಟದಲ್ಲಿ ಬೇಲಿ ಕತ್ತರಿಸುವ ಯಂತ್ರದಿಂದ ಸಾರಾಸಗಟಾಗಿ ಕತ್ತರಿಸಿದ ಗುಲಾಬಿಗಳನ್ನೂ ಶಾಸ್ತ್ರೋಕ್ತವಾಗಿ ಕತ್ತರಿಸಿದವನ್ನೂ ಹೋಲಿಸಿ ನೋಡಿದಾಗ ಮೊದಲನೆಯವು ಹಿಂದೆ ಬೀಳಲಿಲ್ಲ. ನೆಲಹಬ್ಬಿಗಂತೂ ಉದ್ದ ಹಿಡಿಯ ಬೇಲಿಗತ್ತರಿಯೇ ಸರಿಯಾದ ಆಯುಧ, ಅದರಿಂದ ನೀವು ಬಗ್ಗುವುದೂ ತಪ್ಪುತ್ತದೆ. ದಸರೆಯ ಹೊತ್ತಿನ ಮಳೆ ನಿಂತು ದೀಪಾವಳಿಯ ಆಸುಪಾಸಿನಲ್ಲಿ ಇಡೀ ಪಾತಿಯನ್ನು ಒಂದಡಿ ಎತ್ತರಕ್ಕೆ ಕತ್ತರಿಸಿ. ಆರೇಳು ವಾರದಲ್ಲಿ, ಎಂದರೆ ಡಿಸೆಂಬರಿನಲ್ಲಿ, ವರ್ಷದ ಅತಿ ಚೆಲುವಾದ ಹೂವು ಬರುತ್ತದೆ. ಕತ್ತರಿಸಿದ ಮೇಲೆ ಗಿಡಕ್ಕೆ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಜೂನಿನಲ್ಲಿ ಮತ್ತೆ ಅಷ್ಟೇ. ಯೂರಿಯಾ ಬೇಡವೇ ಬೇಡ, ಮೆತ್ತನೆಯ ಚಿಗುರು ಹೆಚ್ಚಿದಷ್ಟೂ ಸಸ್ಯಹೇನೂ ಬೂದಿರೋಗವೂ ಹೆಚ್ಚುತ್ತವೆ. ಹೂವಿನ ಒಂದು ಸುತ್ತು ಮುಗಿದು ಗೊಂಚಲುಗಳು ಕಂದಾದಾಗ ಅದೇ ಕತ್ತರಿಯಿಂದ ಮೇಲುಮೇಲೆ ಒಮ್ಮೆ ಸವರಿದರೆ ಸಾಕು. ಮೂರನೆಯ ವರ್ಷದಿಂದ ದೀಪಾವಳಿಯ ಕತ್ತರಿಕೆಯಲ್ಲಿ ಪ್ರತಿ ಗಿಡದ ಒಂದೆರಡು ಹಳೆಯ, ಬೂದುಬಣ್ಣಕ್ಕೆ ತಿರುಗಿದ ಕಾಂಡಗಳನ್ನು ಬುಡದಿಂದಲೇ ತೆಗೆಸಿ. ಈ ಕೆಲಸಕ್ಕೆ ಮಾತ್ರ ದಪ್ಪ ಚರ್ಮದ ಕೈಗವಸು ಇರುವ ಆಳು ಬೇಕು.

ರೋಗಗಳು ಬರುವುದೇ ಇಲ್ಲ ಎಂದಲ್ಲ. ಮಳೆಗಾಲದಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಬರುತ್ತದೆ, ಬುಡದ ಕೆಲವು ಎಲೆ ಉದುರುತ್ತವೆ. ಹೊಸ ಎಲೆ ಅದನ್ನು ಮುಚ್ಚುತ್ತದೆ. ಹಾಗಾಗಿ ಚುಕ್ಕೆ ಕಂಡೊಡನೆ ಔಷಧದ ಅಂಗಡಿಗೆ ಓಡಬೇಕಿಲ್ಲ. ಮೂರನೆಯ ಒಂದು ಭಾಗದಷ್ಟು ಎಲೆ ಉದುರಿದರೆ ಮಾತ್ರ ಲೀಟರಿಗೆ ಎರಡು ಗ್ರಾಂ ಮ್ಯಾಂಕೋಜೆಬ್, ಮಳೆ ಬಿಡುವು ಕೊಟ್ಟ ದಿನ, ಕೈಗವಸು ಮುಖಗವಸು ಧರಿಸಿ ಸಿಂಪಡಿಸಿ. ಇದು ಬಂದ ಚುಕ್ಕೆಯನ್ನು ಅಳಿಸುವುದಿಲ್ಲ, ಹೊಸ ಎಲೆಯನ್ನು ಕಾಯುತ್ತದೆ. ‘ದ ಫೇರಿ’ಯ ನಿಜವಾದ ದೌರ್ಬಲ್ಯ ಮಾರ್ಚಿನಿಂದ ಮೇ ವರೆಗಿನ ಕೆಂಪು ಮೈಟ್ ನುಸಿ. ಎಲೆ ಧೂಳು ಹಿಡಿದಂತೆ ಮಂಕಾಗಿ, ಅಡಿಯಲ್ಲಿ ತೆಳು ಜೇಡರಬಲೆ ಕಂಡರೆ ಅದೇ. ಬಿಳಿ ಕಾಗದವನ್ನು ಎಲೆಯಡಿ ಹಿಡಿದು ತಟ್ಟಿದರೆ ಓಡಾಡುವ ಕೆಂಪು ಚುಕ್ಕೆಗಳು ಕಾಣುತ್ತವೆ. ಎಲೆ ನೆನೆಸಬಾರದೆಂದು ಮೇಲೆ ಹೇಳಿದ್ದಕ್ಕೆ ಇಲ್ಲೊಂದು ಅಪವಾದ: ಬೆಳಿಗ್ಗೆ, ಬಿಸಿಲೇರುವ ಮುಂಚೆ, ಎಲೆಯ ಅಡಿಭಾಗಕ್ಕೆ ತಾಗುವಂತೆ ಜೋರಾಗಿ ನೀರು ಹೊಡೆಯುವುದೇ ಮೊದಲ ಔಷಧ, ಮೂರು ದಿನಕ್ಕೊಮ್ಮೆ, ನಾಲ್ಕೈದು ಸಲ. ಸಾಮಾನ್ಯ ಕೀಟನಾಶಕ ಹೊಡೆದರೆ ನುಸಿಯನ್ನು ತಿನ್ನುವ ಉಪಕಾರಿ ಹುಳುಗಳು ಮೊದಲು ಸತ್ತು ನುಸಿ ಇನ್ನಷ್ಟು ಹೆಚ್ಚುತ್ತದೆ. ಮುಂಗಾರಿನ ಮೊದಲ ಮಳೆಯ ನಂತರ ರಾತ್ರಿ ದುಂಬಿಗಳು ಬಂದು ಎಲೆಯನ್ನು ಜರಡಿ ಮಾಡುವುದುಂಟು. ಕೆಲವೇ ವಾರಗಳ ಕಾಟ ಅದು, ಗಿಡ ತಾಳಿಕೊಳ್ಳುತ್ತದೆ.

ನೀವು ಕೇಳದ, ಆದರೆ ಮನೆಯವರು ಕೇಳಿಯೇ ಕೇಳುವ ಪ್ರಶ್ನೆ ಹಾವಿನದು. ದಟ್ಟವಾದ ಯಾವುದೇ ನೆಲಹೊದಿಕೆಯಲ್ಲಿ ಇಲಿ, ಹೆಗ್ಗಣ ಸೇರಿಕೊಳ್ಳಬಹುದು, ಅವುಗಳ ಹಿಂದೆ ಹಾವೂ ಬರಬಹುದು. ಗುಲಾಬಿಯ ಮುಳ್ಳು ಅದನ್ನು ತಡೆಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಬಾಗಿಲಿಗೂ ಪಾತಿಗೂ ನಡುವೆ ತೆರೆದ ನೆಲ ಇರಲಿ, ಗೋಡೆಯ ಬುಡದ ಬಿಲಗಳನ್ನು ನಾಟಿಗೆ ಮೊದಲೇ ಮುಚ್ಚಿಸಿ, ಗಾಳಿಗೆ ಬಂದು ಮುಳ್ಳಿಗೆ ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಚೀಲ, ಕಸಗಳನ್ನು ಉದ್ದ ಚಿಮಟದಿಂದ ತೆಗೆಯಿರಿ, ಪಾತಿಯೊಳಗೆ ಬರಿಗೈ ಹಾಕುವುದನ್ನು ಯಾರೂ ಮಾಡದಿರಲಿ. ದೀಪಾವಳಿಯ ಆ ಗಟ್ಟಿ ಕತ್ತರಿಕೆಗೆ ಈ ದೃಷ್ಟಿಯಿಂದಲೂ ಬೆಲೆಯಿದೆ: ವರ್ಷಕ್ಕೊಮ್ಮೆಯಾದರೂ ಬುಡದವರೆಗೆ ಬೆಳಕು ಬೀಳುತ್ತದೆ.

ಕರಾವಳಿಯಲ್ಲೋ ಮಲೆನಾಡಿನ ಜಡಿಮಳೆಯ ಊರುಗಳಲ್ಲೋ ಇದನ್ನು ಓದುವವರು ಈ ಸಲಹೆಯನ್ನು ಹಾಗೆಯೇ ಅನುಸರಿಸಬಾರದು. ತಿಂಗಳುಗಟ್ಟಲೆ ಎಲೆ ಆರದ ಕಡೆ ಎಂಥ ಗಟ್ಟಿ ತಳಿಯೂ ಸೋಲುತ್ತದೆ, ಅಲ್ಲಿ ಮಾಡಿನ ಕೆಳಗಿನ ಕುಂಡಗಳಲ್ಲಷ್ಟೇ ಇದು ಸಾಧ್ಯ. ಉತ್ತರ ಕರ್ನಾಟಕದ ಎರೆಮಣ್ಣಿನವರು ಒಂದಡಿ ಏರಿಸಿದ ಪಾತಿಯಲ್ಲಿ, ಮರಳು ಮತ್ತು ಗೊಬ್ಬರ ಧಾರಾಳವಾಗಿ ಬೆರೆಸಿ ಪ್ರಯತ್ನಿಸಬಹುದು.

ನೀವು ಈಗ ಮಾಡಬೇಕಾದ ಖರ್ಚು ಸಣ್ಣದು. 23 ಗಿಡ ಒಟ್ಟಿಗೆ ತರಬೇಡಿ, ಮೇಲೆ ಹೇಳಿದ ಲಕ್ಷಣಗಳಿರುವ ಒಂದೇ ತಳಿಯ ನಾಲ್ಕು ಗಿಡಗಳನ್ನು ಮಾತ್ರ ತಂದು ದೊಡ್ಡ ಕುಂಡದಲ್ಲಿಡಿ. ಫೆಬ್ರವರಿಯಲ್ಲಿ ಅವುಗಳಿಂದ ನಲವತ್ತು ಕಡ್ಡಿ ಊರಿದರೆ ಒಣಗಿದವು ಹೋಗಿ ಇಪ್ಪತ್ತರ ಮೇಲಾದರೂ ಉಳಿಯುತ್ತವೆ, ಏಪ್ರಿಲಿನಲ್ಲಿ ಅವನ್ನು ಒಂದೊಂದೇ ಚೀಲಕ್ಕೆ ಬದಲಾಯಿಸಿ ನೆರಳಿನಲ್ಲಿ ಬೇಸಿಗೆ ಕಳೆಯಲು ಬಿಡಿ. ಮಾಲಿ ಕೊನ್ನಾರಿಯ ಕೊನೆಯ ಸುತ್ತು ಎಬ್ಬಿಸುವ ಹೊತ್ತಿಗೆ, ನೆಡಲು ಬೇಕಾದಷ್ಟು ಸ್ವಂತ ಬೇರಿನ ಗಿಡಗಳು ನಿಮ್ಮ ಹಿತ್ತಲಿನಲ್ಲೇ ಸಿದ್ಧವಾಗಿರುತ್ತವೆ; ಕುಂಡದ ನಾಲ್ಕು ತಾಯಿಗಿಡಗಳು ಮೈಸೂರಿನ ಒಂದು ಬೇಸಿಗೆಯಲ್ಲಿ ಹೇಗೆ ನಡೆದುಕೊಂಡವು ಎಂಬುದೂ ಅಷ್ಟರಲ್ಲಿ ತಿಳಿದಿರುತ್ತದೆ. ಅವು ಮೇ ತಿಂಗಳಲ್ಲಿ ಎಲೆ ಉಳಿಸಿಕೊಳ್ಳದಿದ್ದರೆ ಆ ತಳಿಯನ್ನು ಕೈಬಿಟ್ಟು ಬೇರೆಯದನ್ನು ಹುಡುಕಿ, ನಾಟಿಯನ್ನು ಅಕ್ಟೋಬರಿಗೆ ಇಟ್ಟುಕೊಳ್ಳಿ.